ಕುಚ್ಚಲಕ್ಕಿಗೆ ಟೈಮಿಂಗ್ ಇಲ್ಲ

ಕುಚ್ಚಲಕ್ಕಿ ಇಷ್ಟೇ ಹೊತ್ತಿನಲ್ಲಿ ಬೇಯುತ್ತದೆ ಎಂದು ಖಚಿತವಾಗಿ ಹೇಳಬಲ್ಲ ಮನುಷ್ಯನನ್ನು ನಾನು ಈ ತನಕ ಕಂಡಿಲ್ಲ. ಅಕ್ಕಿ ಹಳೆಯದೋ ಹೊಸದೋ, ಸೌದೆ ಒಣಗಿದೆಯೋ ಹಸಿಯೋ, ಬಾವಿಯ ನೀರು ಹೇಗಿದೆಯೋ, ಇವೆಲ್ಲದರ ಮೇಲೆ ಅದರ ಮರ್ಜಿ ನಿಂತಿರುತ್ತದೆ. ಅಗುಳನ್ನು ಬೆರಳ ನಡುವೆ ಒತ್ತಿ ನೋಡುವುದೊಂದೇ ಉಪಾಯ. ಇದು ಗೊತ್ತಿದ್ದೂ ನಾನು ಮದುವೆಯಾದಂದಿನಿಂದ ಊಟದ ಹೊತ್ತಿಗೆ ಜಗಲಿಯಿಂದ "ಅನ್ನ ಆಯಿತಾ?" ಎಂದು ಕೂಗುತ್ತ ಬಂದವನು. ನನ್ನ ಹೆಂಡತಿ ಲಿಲ್ಲಿ ಅಡುಗೆಮನೆಯಿಂದ "ಆದಾಗ ಆಗ್ತದೆ" ಎಂದು ಉತ್ತರಿಸುತ್ತ ಬಂದವಳು.

ಈ ಕೂಗಾಟದಲ್ಲಿ ಅರ್ಧ ತಪ್ಪು ನನ್ನ ಕಸುಬಿನದು. ಹೈಸ್ಕೂಲು ಮುಗಿಸಿದವನೇ ನಾನು ಉಡುಪಿಯ ಬಸ್‌ಸ್ಟ್ಯಾಂಡು ಸೇರಿದೆ; ಖಾಸಗಿ ಬಸ್ಸುಗಳ ಟೈಮ್‌ಕೀಪರ್ ಆಗಿಯೇ ನಿವೃತ್ತನಾದೆ. ನಮ್ಮ ಕಡೆಯ ಬಸ್ಸುಗಳ ಟೈಮಿಂಗ್ ಜಗಳ ನೋಡಿದವರಿಗೆ ಗೊತ್ತು, ಅಲ್ಲಿ ಒಂದು ನಿಮಿಷವೆಂದರೆ ಆಸ್ತಿ ಇದ್ದ ಹಾಗೆ. ಕೊರಳಲ್ಲಿ ವಿಸಿಲ್ ತೂಗಿಸಿಕೊಂಡು ಹೆಬ್ರಿಗೆ, ಪೆರ್ಡೂರಿಗೆ, ಕಾರ್ಕಳಕ್ಕೆ ಊರಿನವರನ್ನೆಲ್ಲ ಕಳಿಸಿಕೊಟ್ಟ ನಾನು, ಲಿಲ್ಲಿಯ ಪಕ್ಕದ ಸೀಟಿನಲ್ಲಿ ಕುಳಿತು ಸುಮ್ಮನೆ ಎಲ್ಲಿಗಾದರೂ ಹೋದವನಲ್ಲ. ಸಹಧರ್ಮಿಣಿಯಾಗಿ ಇಷ್ಟು ಕಾಲ ಬಾಳಿದವಳು ಒಂದು ದಿನವೂ ನನಗೆ ಸಹಪ್ರಯಾಣಿಕಳಾಗಿರಲಿಲ್ಲ.

ಹೀಗಿರುವಾಗ ಮಣಿಪಾಲದಲ್ಲಿ ನನಗೊಂದು ಟೆಂಟು ಸಿಕ್ಕಿತು. ಓದು ಮುಗಿಸಿ ಊರಿಗೆ ಹೊರಟ ವಿದ್ಯಾರ್ಥಿನಿಯೊಬ್ಬಳು ಗಿಟಾರ್, ಸೈಕಲ್, ಬಕೆಟ್ಟುಗಳ ನಡುವೆ ಅದನ್ನೂ ಮಾರಾಟಕ್ಕಿಟ್ಟಿದ್ದಳು. ಮಡಚಿದರೆ ಹಾಸಿಗೆಯ ಸುರುಳಿಗಿಂತ ಸಣ್ಣದು, ಬಿಡಿಸಿದರೆ ಒಂದು ಕೋಣೆ! ಗೋಡೆಯಿಲ್ಲದೆ ಮಲಗಿದರೆ ನಿದ್ದೆ ಹೇಗೆ ಬರುತ್ತದೆ, ಬೆಳಗು ಹೇಗೆ ಆಗುತ್ತದೆ ಎಂಬ ಕುತೂಹಲ ನನಗೆ ಈ ವಯಸ್ಸಿನಲ್ಲಿ ಹುಟ್ಟಿತು. ಲಿಲ್ಲಿಗೆ ಹುಟ್ಟಲಿಲ್ಲ.

"ನಮಗೆ ಮನೆ ಉಂಟಲ್ಲ?" ಎಂದಳು. "ಮನೆ ಇರುವವರು ಬಟ್ಟೆಯ ಒಳಗೆ ಯಾಕೆ ಮಲಗುವುದು?"

ಅವಳ ತಮ್ಮ ಫೆಲಿಕ್ಸ್ ಗಲ್ಫಿನಲ್ಲಿ ಬಹಳ ವರ್ಷ ದುಡಿದು ಕಾರ್ಕಳದಲ್ಲಿ ನೆಲೆಸಿದವನು. ಅವನನ್ನೂ ಕರೆದೆ. "ಭಾವ, ನಾನು ಅರ್ಧ ಆಯುಷ್ಯ ಲೇಬರ್ ಕ್ಯಾಂಪಿನಲ್ಲೇ ಮಲಗಿದವ. ಅಲ್ಲಿ ಅದಕ್ಕೆ ಸಂಬಳ ಕೊಡ್ತಿದ್ದರು. ನೀವೆಷ್ಟು ಕೊಡ್ತೀರಿ?" ಎಂದ. ಆದರೂ ಇಬ್ಬರೂ ಬಂದರು. ನನ್ನ ಕಾಟ ತಪ್ಪಿದರೆ ಸಾಕೆಂದು ಬಂದಿರಬೇಕು.

ಕಾಪು ಕಡಲ ಬದಿಯಲ್ಲಿ ಪರಿಚಯದವರ ತೆಂಗಿನ ಹಿತ್ತಿಲು. ಲೈಟ್‌ಹೌಸು ಕಾಣುತ್ತದೆ, ಗಾಳಿ ಧಾರಾಳ. ಅಲ್ಲಿ ನಾನು ಮಾಡಿದ್ದನ್ನು ಈಗ ನೆನೆದರೆ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ. ಚಹಾಕ್ಕೆ ಇಂತಿಷ್ಟು ಹೊತ್ತು, ದಡದಲ್ಲಿ ನಡೆಯಲು ಇಂತಿಷ್ಟು ಹೊತ್ತು ಎಂದು ಟೈಮಿಂಗ್ ಹಾಕಿದ್ದೆ. ಲಿಲ್ಲಿ ಕಾಲನ್ನು ನೀರಿಗೆ ಒಡ್ಡಿ ಏನೋ ಯೋಚಿಸುತ್ತ ನಿಂತಿದ್ದಾಗ, ನಿವೃತ್ತನಾದರೂ ಕೊರಳು ಬಿಡದ ವಿಸಿಲ್ ಊದಿದೆ. ಸೂರ್ಯ ಮುಳುಗಿದ್ದೇ ತಡ, "ನೋಡಿ ಆಯಿತಲ್ಲ? ಏಳಿ, ಇನ್ನು ಟೆಂಟು" ಎಂದೆ. ಟೆಂಟಿನ ಗೂಟಗಳು ಹೊಯಿಗೆಯಲ್ಲಿ, ಆ ಸಡಿಲ ಮರಳಿನಲ್ಲಿ, ನಿಲ್ಲಲಿಲ್ಲ. ಗಾಳಿ ತುಂಬಿದ ಟೆಂಟು ಫೆಲಿಕ್ಸನನ್ನು ತೆಂಗಿನ ಬುಡದವರೆಗೂ ಎಳೆದೊಯ್ದಿತು. ನಾನು ಮತ್ತೆ ವಿಸಿಲ್ ಊದಿದೆ.

ಆಗ ಲಿಲ್ಲಿ ಬಹಳ ಶಾಂತವಾಗಿ ಕೇಳಿದಳು: "ಉಡುಪಿಗೆ ಕೊನೆಯ ಬಸ್ಸು ಎಷ್ಟಕ್ಕೆ?"

ಅಭ್ಯಾಸಬಲ ನೋಡಿ, ಸುಳ್ಳು ಹೇಳಲು ತೋಚಲಿಲ್ಲ. ಸರಿಯಾದ ಸಮಯವನ್ನು ನಿಮಿಷ ಸಹಿತ ಒಪ್ಪಿಸಿದೆ, ಯಾವ ಕಂಪನಿಯ ಬಸ್ಸು ಎಂಬುದನ್ನೂ ಸೇರಿಸಿದೆ. ಅವಳು ಚೀಲ ಎತ್ತಿಕೊಂಡು ಹೆದ್ದಾರಿಯ ಕಡೆಗೆ ನಡೆದಳು, ಹಿಂದೆಯೇ ಫೆಲಿಕ್ಸ್ ಹೋದ. ಒಬ್ಬನೇ ಉಳಿಯಲು ಧೈರ್ಯವಿಲ್ಲದೆ ಅರೆಮಡಚಿದ ಟೆಂಟನ್ನು ಕಂಕುಳಲ್ಲಿ ಒತ್ತಿಕೊಂಡು ನಾನೂ ಓಡಿದೆ. ಬಸ್ಸಿನ ಕಂಡಕ್ಟರ್ ನನ್ನ ಕೈಕೆಳಗೆ ಪಳಗಿದವನೇ. ಟೆಂಟಿಗೆ ಲಗೇಜು ಟಿಕೆಟ್ ಹರಿದು ಕೊಟ್ಟ.

ಇಲ್ಲಿಯವರೆಗಿನದು ದಡ್ಡತನ. ಪಾಪ ಶುರುವಾದದ್ದು ಮರುದಿನ, ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ. "ಎಂತ ಪೊರ್ಬುಗಳೇ, ಕ್ಯಾಂಪು ಹೇಗಾಯಿತು?" ಎಂದು ಹಳೆಯ ಡ್ರೈವರುಗಳು ಕೇಳಿದರು; ನಮ್ಮ ಕಡೆ ಕ್ರೈಸ್ತರನ್ನು ಹಾಗೆ ಕರೆಯುವುದು ರೂಢಿ. ನನ್ನ ವಿಸಿಲಿನ ಸಂಗತಿ ಹೇಳಲು ನಾಚಿಕೆಯಾಗಿ, "ಹೆಂಗಸರನ್ನು ಕಟ್ಟಿಕೊಂಡು ಹೋದರೆ ಇಷ್ಟೇ ಮಾರಾಯ್ರೇ. ಒಂದು ಏಡಿ ಕಂಡದ್ದಕ್ಕೆ ಲಿಲ್ಲಿ ಹೆದರಿ ಓಡಿದಳು" ಎಂದುಬಿಟ್ಟೆ. ಎಲ್ಲರೂ ನಕ್ಕರು. ಆ ನಗು ನನಗೆ ರುಚಿಸಿತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ವಾರದೊಳಗೆ ಮೀನು ಮಾರುವ ಹೆಂಗಸು ನಮ್ಮ ಗೇಟಿನಲ್ಲಿ ಬುಟ್ಟಿ ಇಳಿಸಿ, "ಬಾಯಮ್ಮ, ಏಡಿಗೆ ಹೆದರ್ತೀರಂತೆ? ಕಾಲು ಕಟ್ಟಿ ಕೊಡ್ಲಾ?" ಎಂದಳು. ಹುಟ್ಟಿದಂದಿನಿಂದ ಏಡಿ ಮುರಿದು ಸಾರು ಮಾಡಿದ ಲಿಲ್ಲಿ ಬುಟ್ಟಿಯನ್ನು ಹಾಗೆಯೇ ಹಿಂದಕ್ಕೆ ಕಳಿಸಿದಳು. ಒಳಗೆ ಬಂದು, "ಆ ಟೆಂಟನ್ನು ಯಾರಿಗಾದರೂ ಕೊಟ್ಟುಬಿಡಿ. ಇನ್ನು ನನ್ನನ್ನು ಎಲ್ಲಿಗೂ ಕರೆಯಬೇಡಿ" ಎಂದಳು. ಅಷ್ಟೇ. ಮಧ್ಯಾಹ್ನ "ಅನ್ನ ಆಯಿತಾ?" ಎಂದು ಕೂಗಿದರೆ ಉತ್ತರ ಬರುವುದೂ ನಿಂತಿತು, ಬಟ್ಟಲು ಮಾತ್ರ ಮೇಜಿಗೆ ಬರುತ್ತಿತ್ತು.

ಚರ್ಚಿಗೆ ಪಾಪನಿವೇದನೆಗೆ ಹೋದೆ. ಏಡಿಯ ಕತೆ ಕೇಳಿ ಪರದೆಯ ಆಚೆ ಪಾದ್ರಿಗಳು ಕೆಮ್ಮಿದರೋ ನಕ್ಕರೋ ತಿಳಿಯಲಿಲ್ಲ. ಪ್ರಾಯಶ್ಚಿತ್ತಕ್ಕೆ ಜಪ ಕೊಡುತ್ತಾರೆಂದು ಕಾದರೆ, "ಎಲ್ಲಿ ಹೇಳಿದಿರೋ ಅಲ್ಲಿಯೇ ಹಿಂದಕ್ಕೆ ತೆಗೆದುಕೊಳ್ಳಿ" ಎಂದರು. ಅದಕ್ಕಿಂತ ನೂರು ಜಪ ಹಗುರವಾಗುತ್ತಿತ್ತು. ಹೋಟೆಲಿಗೆ ಹೋಗಿ ವಿಸಿಲಿನಿಂದ ಹಿಡಿದು ಲಗೇಜು ಟಿಕೆಟಿನವರೆಗೆ ಎಲ್ಲವನ್ನೂ ಒಪ್ಪಿಸಿದೆ. ಏಡಿಗಿಂತ ಅದಕ್ಕೇ ಹೆಚ್ಚು ನಗು ಬಂತು. ಸುದ್ದಿ ಮನೆಗೆ ನನಗಿಂತ ಮೊದಲು ತಲುಪಿತ್ತು.

"ಇನ್ನೊಂದು ಸಲ ಬರ್ತೇನೆ, ಕಾರ್ಕಳಕ್ಕೆ. ಹಗಲು ಮಾತ್ರ. ರಾತ್ರಿ ನಾನು ಫೆಲಿಕ್ಸನ ಮನೆಯಲ್ಲಿ, ಮಂಚದ ಮೇಲೆ. ಅಡುಗೆ ನನ್ನ ಲೆಕ್ಕದಲ್ಲಿ. ಸರಿಯಾಗದಿದ್ದರೆ ಟೆಂಟು ಹೋಗಬೇಕು" ಎಂದಳು ಲಿಲ್ಲಿ. ವಿಸಿಲಿನ ಬಗ್ಗೆ ಏನೂ ಹೇಳಲಿಲ್ಲ. ಅದನ್ನು ನಾನೇ ಮೊಳೆಗೆ ತೂಗಿಸಿ ಬಂದೆ.

ಫೆಲಿಕ್ಸನ ಮನೆಯ ಹಿಂದೆ ಆನೆಯ ಬೆನ್ನಿನಂಥ ಕರಿಬಂಡೆ, ಅದರ ಅಂಚಿಗೆ ಒಂದು ಗೇರುಮರ. ಗೂಟ ಹೊಡೆಯುವ ಮಾತೇ ಇಲ್ಲ; ಹಗ್ಗಗಳನ್ನು ಕಲ್ಲುಗಳಿಗೆ ಕಟ್ಟಿ ಮರದ ನೆರಳಿನಲ್ಲಿ ಟೆಂಟು ನಿಲ್ಲಿಸಿದೆವು. ಲಿಲ್ಲಿ ಮೂರು ಕಲ್ಲಿನ ಮೇಲೆ ಮನೆಯಿಂದ ತಂದ ಪಾತ್ರೆಯನ್ನೇ ಇಟ್ಟು ಕುಚ್ಚಲಕ್ಕಿ ಹಾಕಿದಳು. ಆಮೇಲೆ ಮಾಡುವುದಕ್ಕೆ ಏನೂ ಇಲ್ಲ. ನನ್ನ ನಾಲಿಗೆಯ ತುದಿಯಲ್ಲಿ ಆ ಪ್ರಶ್ನೆ ಕುಣಿಯುತ್ತಿತ್ತು. ಹಲ್ಲು ಕಚ್ಚಿ ಕುಳಿತೆ.

"ಎಂತ, ಇವತ್ತು ಕೇಳುವುದಿಲ್ವಾ?" ಎಂದಳು ಲಿಲ್ಲಿ.

"ಇಲ್ಲ."

"ಹೊಟ್ಟೆ ಸರಿ ಉಂಟಲ್ಲ?"

ಫೆಲಿಕ್ಸ್ ನಗುತ್ತ ತಟ್ಟೆ ತರಲು ಮನೆಗೆ ಹೋದ. ಲಿಲ್ಲಿ ಕೈ ಒರೆಸಿಕೊಂಡು, "ಹಾಗಾದರೆ ನೀವೇ ನೋಡಿಕೊಳ್ಳಿ. ಬೆಂದ ಮೇಲೆ ಎಬ್ಬಿಸಿ" ಎಂದು ಸೌಟನ್ನು ನನ್ನ ಕೈಗಿಟ್ಟು, ಬಗ್ಗಿ ಟೆಂಟಿನೊಳಗೆ ಹೋದಳು. ತುಸು ಹೊತ್ತಿಗೆ ಸಣ್ಣ ಗೊರಕೆ ಕೇಳಿಸಿತು. ಇದನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಜೀವಮಾನವಿಡೀ ಉಂಡ ಅನ್ನ ಬೇಯುವುದನ್ನು ನಾನು ನೋಡಿದ್ದು ಅಂದೇ ಮೊದಲು. ಆರಂಭದಲ್ಲಿ ನೀರಿನದೇ ಗದ್ದಲ. ಕ್ರಮೇಣ ಸದ್ದು ದಪ್ಪವಾಗುತ್ತದೆ, ತಿಳಿ ಮಂದವಾಗಿ ಕೆಂಪಡರುತ್ತದೆ, ಗಂಜಿಯ ಪರಿಮಳ ಏಳುತ್ತದೆ. ಅಗುಳು ಒತ್ತಿದರೆ ಒಳಗೊಂದು ಗಟ್ಟಿ ಬಿಂದು ಸಿಗುತ್ತದೆ, ಇನ್ನೊಮ್ಮೆ ಒತ್ತಿದಾಗ ಅದು ಸಾಸಿವೆಯಷ್ಟಾಗಿರುತ್ತದೆ. ನಡುವೆ ಮರದಿಂದ ಒಂದು ಎಲೆ ಬೀಳುತ್ತದೆ, ಬಂಡೆಯ ಮೇಲೆ ಓತಿಕ್ಯಾತ ತಲೆಯಾಡಿಸುತ್ತದೆ. ನಾನು ಕಾಪುವಿನಲ್ಲಿ ವಿಸಿಲ್ ಊದಿ ತೋರಿಸಲು ಹೊರಟಿದ್ದು ಬಹುಶಃ ಇದನ್ನೇ. ಇದು ಕರೆದರೆ ಬರುವುದಲ್ಲ. ಲಿಲ್ಲಿಗೆ ಬಯಲು ಬೇಡವಾಗಿತ್ತೆಂದು ನಾನು ತಿಳಿದದ್ದೂ ತಪ್ಪೇ. ಒಲೆಯ ಮೇಲೆ ಪಾತ್ರೆಯಿಟ್ಟು ಬೇರೆಯವರ ಭರವಸೆಯಲ್ಲಿ ಕಣ್ಣು ಮುಚ್ಚುವ ಸುಖ ಅವಳಿಗೆ ಮನೆಯಲ್ಲಿ ಎಂದಾದರೂ ಸಿಕ್ಕಿತ್ತೇ? ಯೋಚಿಸಿದರೆ ಒಂದು ದಿನವೂ ನೆನಪಾಗಲಿಲ್ಲ.

ಅನ್ನ ಬೆಂದಿತು. ಕೊಳ್ಳಿಗಳನ್ನು ಹೊರಗೆಳೆದು ಮುಚ್ಚಳ ಮುಚ್ಚಿದೆ. ತಟ್ಟೆ ಹಿಡಿದು ಬಂದ ಫೆಲಿಕ್ಸನಿಗೆ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದೆ. ಅವನು ಹಸಿದ ಹೊಟ್ಟೆಯನ್ನು ಸವರಿಕೊಳ್ಳುತ್ತ ಕುಳಿತ. ನೆರಳು ಬಂಡೆಯ ಆ ಬದಿಯಿಂದ ಈ ಬದಿಗೆ ಬಂತು.

ಕೊನೆಗೆ ಟೆಂಟಿನೊಳಗಿಂದ ನಿದ್ದೆಗಣ್ಣಿನ ಸ್ವರ ಕೇಳಿಸಿತು: "ಅನ್ನ ಆಯಿತಾ?"

"ಆದಾಗ ಆಗ್ತದೆ. ನೀನು ಮಲಗು."

ಅವಳು ಮಗ್ಗುಲು ಬದಲಿಸಿದ ಸದ್ದು. ಆಮೇಲೆ, "ಈ ಟೆಂಟಿನ ಬಾಗಿಲನ್ನು ಆಚೆ ಕಡೆಗೆ ತಿರುಗಿಸಿ ಕಟ್ಟಿ. ಬೆಳಿಗ್ಗೆ ಮುಖಕ್ಕೆ ಬಿಸಿಲು ಹೊಡೆಯುವುದು ಬೇಡ" ಎಂದಳು. ಫೆಲಿಕ್ಸನ ಮನೆಯ ಮಂಚದ ಮಾತೇ ಇಲ್ಲ.

ಅನ್ನ ಆಗಿ ಬಹಳ ಹೊತ್ತಾಗಿತ್ತು. ಹಾಗಾಗಿ ಲಿಲ್ಲಿಯ ವಿಷಯದಲ್ಲಿ ಇದು ನನ್ನ ಎರಡನೆಯ ಸುಳ್ಳು. ಇದನ್ನು ಪಾದ್ರಿಗಳಿಗೆ ಹೇಳಬೇಕೋ ಬೇಡವೋ ಎಂದು ಇನ್ನೂ ತೀರ್ಮಾನಿಸಿಲ್ಲ. ಎಲ್ಲಿ ಹೇಳಿದಿರೋ ಅಲ್ಲಿಗೇ ಹೋಗಿ ಹಿಂದಕ್ಕೆ ತೆಗೆದುಕೊಳ್ಳಿ ಎಂದರೆ, ಆ ಗೇರುಮರದಡಿ ಮತ್ತೆ ಟೆಂಟು ಕಟ್ಟಲು ಒಂದು ನೆಪವಾದರೂ ಆದೀತು.