ಕಿಟಕಿ ಸೀಟಿನ ಟವಲು

ಆ ಶನಿವಾರವೂ ಅಪ್ಪ ನನಗೆ ಬಸ್ಸಿನಲ್ಲಿ ಸೀಟು ಹಿಡಿದುಕೊಟ್ಟ. ಆಗ ನನಗೆ ನಲವತ್ತೆರಡು ವರ್ಷ, ಗಬ್ಬೂರಿನ ಶಾಲೆಯಲ್ಲಿ ಮಾಸ್ತರ. ಸ್ವಂತ ಕಾಲ ಮೇಲೆ ನಿಲ್ಲಬೇಕು ಎಂದು ಮಕ್ಕಳಿಗೆ ಹೇಳಲು, ಅಪ್ಪ ಹಿಡಿದ ಸೀಟಿನಲ್ಲಿ ಕೂತು ರಾಯಚೂರಿನಿಂದ ದಿನಾ ಹೋಗುತ್ತಿದ್ದೆ.

ಅಪ್ಪ ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡಿ ಬಿಟ್ಟವನು. ಚೀಲ ಎತ್ತುವುದು ನಿಂತರೂ ಅವನ ಭುಜಕ್ಕೆ ಸುಮ್ಮನಿರುವುದು ಗೊತ್ತಿರಲಿಲ್ಲ. ಗಬ್ಬೂರಿನ ಮೇಲೆ ಹೋಗುವ ದೇವದುರ್ಗದ ಬಸ್ಸು ಸ್ಟ್ಯಾಂಡಿನೊಳಗೆ ತಿರುಗುತ್ತಿದ್ದಂತೆ ಅದರ ಜೊತೆ ನಾಲ್ಕು ಹೆಜ್ಜೆ ಓಡಿ, ಹೆಗಲ ಮೇಲಿನ ಟವಲನ್ನು ಕಿಟಕಿಯೊಳಗೆ ಎಸೆಯುತ್ತಿದ್ದ. ಅದು ಮೂರನೇ ಸೀಟಿನ ಮೇಲೆ ಹಾಸಿದ ಹಾಗೆ ಬೀಳುತ್ತಿತ್ತು. ನಮ್ಮ ಕಡೆ ಹೊಲದ ಪಹಣಿಗೆ ತಕರಾರು ಇರಬಹುದು, ಸೀಟಿನ ಮೇಲಿನ ಟವಲಿಗೆ ಇಲ್ಲ. ಅಣ್ಣನ ಪಾದುಕೆ ಇಟ್ಟು ಹದಿನಾಲ್ಕು ವರ್ಷ ಸಿಂಹಾಸನ ಕಾಯ್ದ ತಮ್ಮನ ಕಥೆಯನ್ನು ಮಕ್ಕಳಿಗೆ ಹೇಳುವಾಗೆಲ್ಲ, ಅವನು ನಮ್ಮ ಬಸ್ಸು ಹತ್ತಿದವನಲ್ಲ ಅನಿಸುತ್ತದೆ. ಇಲ್ಲಿ ಚಪ್ಪಲಿ ಇಟ್ಟರೆ ಕೆಳಗೆ ತಳ್ಳಿ ಕೂಡುತ್ತಾರೆ. ಟವಲೇ ಆಗಬೇಕು.

ನಾನು ಏರಿ ಕೂತ ಮೇಲೆ ಟವಲನ್ನು ಕಿಟಕಿಯಿಂದ ಅಪ್ಪನಿಗೆ ಕೊಡಬೇಕು. ಅವನು ಅದನ್ನು ಇಸಕೊಂಡು, ಝಾಡಿಸಿ, ಹೆಗಲಿಗೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದ.

ಆ ಶನಿವಾರ ಎಲ್ಲರಿಗೂ ಕೇಳುವಂತೆ, “ಲೇ, ಕಿಟಕಿ ಬಾಜೂಕನ ಕೂಡು. ಗಾಳಿ ಇಲ್ಲಂದ್ರ ವಾಂತಿ ಮಾಡ್ಕೊಂತಿ,” ಅಂದ. ನಾನು ವಾಂತಿ ಮಾಡಿಕೊಂಡದ್ದು ಏಳನೇ ವಯಸ್ಸಿನಲ್ಲಿ, ಅದೂ ಒಂದೇ ಸಲ. ಹಿಂದಿನ ಸೀಟಿನಲ್ಲಿ ನಮ್ಮ ಹೆಡ್‌ಮಾಸ್ತರರು ಕೂತಿದ್ದರು. ಅವರು ಕೆಮ್ಮಿದರು, ನಗು ಮುಚ್ಚಲು.

“ಯಪ್ಪಾ, ನಾ ಏನ್ ಸಣ್ಣವನೇನು? ಸೋಮವಾರದಿಂದ ನೀ ಬರಬ್ಯಾಡ.”

“ಓಹೋ, ದೊಡ್ಡವ ಆದಿ? ಹಂಗಾರ ಕಿಟಕ್ಯಾಗ ಟವಲ್ ನೀನ ಒಗದು ತೋರಸು.”

ಟವಲು ಕೊಟ್ಟೆ. ಅವನು ಹೋದ. ಮಧ್ಯಾಹ್ನ ಉಂಡು ಕಟ್ಟೆಯ ಮೇಲೆ ಒರಗಿದವನು ಮತ್ತೆ ಏಳಲಿಲ್ಲ. ಸೋಮವಾರದಿಂದ ಬರಲಿಲ್ಲ.

ಸೂತಕ ಕಳೆದ ದಿನ ಸೋದರಮಾವ ಹಿರಿಮಗನ ಹೆಗಲಿಗೆ ಹೊಸ ವಸ್ತ್ರ ಹಾಕುವುದು ನಮ್ಮ ಮನೆತನದ ಪದ್ಧತಿ. ಮಾವ ತಂದದ್ದನ್ನು ಅವ್ವ ಬದಿಗಿಟ್ಟು ಅಪ್ಪನ ಹಳೇ ಟವಲನ್ನೇ ಮುಂದೆ ಮಾಡಿದಳು. “ಇನ್ನ ಮ್ಯಾಲ ಈ ಮನಿಗೆ ನೀನ ಹಿರಿಯ,” ಅಂದ ಮಾವ. ಬೆಳಿಗ್ಗೆ ಹುಡುಗ, ಮಧ್ಯಾಹ್ನ ಹಿರಿಯ. ಸರಕಾರದಲ್ಲಿ ಹದಿನೆಂಟು ವರ್ಷದಿಂದ ಕಾಯುತ್ತಿರುವ ನನಗೆ ಬಡ್ತಿ ಇಷ್ಟು ಸುಲಭ ಎಂದು ಗೊತ್ತೇ ಇರಲಿಲ್ಲ.

ಹಿರಿತನ ಕಷ್ಟದ ಕೆಲಸವೂ ಅಲ್ಲ. ಯಾರು ಏನು ಕೇಳಿದರೂ ಗಂಟಲು ಸರಿಮಾಡಿಕೊಂಡು “ನೋಡೋಣಂತ” ಅನ್ನಬೇಕು, ಅಷ್ಟೇ. ಮಗ್ಗುಲ ಮನೆಯವರು ಚರಂಡಿಯ ಜಗಳ ತಂದರು. “ನೋಡೋಣಂತ” ಅಂದೆ. ಏನು ಅರ್ಥ ಮಾಡಿಕೊಂಡರೋ, ರಾಜಿಯಾದರು. ತಂಗಿಯ ಮಗಳಿಗೆ ದೇವದುರ್ಗದಲ್ಲಿ ಗಂಡು ಗೊತ್ತು ಮಾಡಿದ್ದರು. ಮಾತುಕತೆಗೆ ಹಿರಿಯರು ಬರಬೇಕು ಅಂದರು. ಮೂರು ತಿಂಗಳ ಹಿಂದೆ ಇದೇ ಜನ ನನ್ನನ್ನು ಚಹಾ ತರಲು ಕಳಿಸುತ್ತಿದ್ದರು. ಈ ಮೂರು ತಿಂಗಳೂ ಹಿರಿಯರು ಗಬ್ಬೂರಿಗೆ ನಿಂತುಕೊಂಡೇ ಹೋಗಿದ್ದರು. ಟವಲು ಎಸೆಯಲು ನನಗೆ ಕೈ ಬಂದಿರಲಿಲ್ಲ.

ಮಾತುಕತೆಯ ದಿನ ಮಾತ್ರ ಎಸೆಯಲೇಬೇಕಾಯಿತು. ಜೊತೆಗೆ ಅವ್ವ ಇದ್ದಳು, ಅವಳಿಗೆ ಮಂಡಿ ನೋವು. ಎರಡು ಬಸ್ಸು ಒಟ್ಟಿಗೆ ಬಂದವು. ನಾಲ್ಕು ಹೆಜ್ಜೆ ಓಡಿ ಎಸೆದೆ. ಮೂರನೇ ಸೀಟಿನ ಮೇಲೆ ಹಾಸಿದ ಹಾಗೆ ಬಿತ್ತು. ಹೆಮ್ಮೆಯಿಂದ ಅವ್ವನ ಕಡೆ ತಿರುಗಿದೆ.

“ಆ ಬಸ್ಸು ಮಾನ್ವಿಗೆ ಹೋಗ್ತದ,” ಅಂದಳು ಅವ್ವ.

ನಾನು ಬಾಗಿಲಿಗೆ ಮುಟ್ಟುವಷ್ಟರಲ್ಲಿ ಅದು ಜೋತುಬಿದ್ದ ಜನರ ಸಮೇತ ಹೊರಟೇ ಹೋಯಿತು. ದೇವದುರ್ಗದ ಬಸ್ಸು ಎದುರಿಗೇ ನಿಂತಿತ್ತು. “ಹತ್ತು ಬೇ ಯವ್ವಾ, ಟವಲ್ ಹೊಸಾದು ತಗೊಂಡ್ರಾತು,” ಅಂದೆ.

“ನಿಮ್ಮಪ್ಪ ಹುಟ್ಟಿದಾಗಿಂದ ಒಂದ್ ಸಲಾನೂ ಟವಲ್ ಬಿಟ್ಟು ಮನಿಗೆ ಬಂದಿಲ್ಲ. ನಡಿ ಮಾನ್ವಿಗೆ.”

ಮಾನ್ವಿಯ ಮುಂದಿನ ಬಸ್ಸು ಹತ್ತಿದೆವು. ಯಾರೋ ಪುಣ್ಯವಂತೆ ಅವ್ವನಿಗೆ ಸೀಟು ಬಿಟ್ಟಳು, ನಾನು ನಿಂತೆ. ದೇವದುರ್ಗದಿಂದ ಮಾವನ ಫೋನು ಬಂತು: “ಬೀಗರು ಕೇಳಾಕತ್ತಾರ, ಎಲ್ಲಿದ್ದೀಯೋ?”

“ದಾರಿಯಾಗ ಅದೀನಿ ಮಾವ.”

ಯಾವ ದಾರಿ ಎಂದು ಮಾವ ಕೇಳಲಿಲ್ಲ, ನಾನು ಹೇಳಲಿಲ್ಲ. ಇಷ್ಟು ಹೊತ್ತು ಕಾಯಿಸುವವನು ಬಹಳ ದೊಡ್ಡ ಮನುಷ್ಯನೇ ಇರಬೇಕು ಎಂದು ಬೀಗರು ಮಾತಾಡಿಕೊಂಡರಂತೆ. ಸಂಜೆ ನಾವು ದೇವದುರ್ಗ ಮುಟ್ಟಿದಾಗ ಎಲ್ಲರೂ ಎದ್ದು ನಿಂತರು, ಸಂಬಂಧವೂ ಕೂಡಿತು.

ಅದಕ್ಕೂ ಮೊದಲು, ಮಾನ್ವಿಯಲ್ಲಿ, ಆ ಬಸ್ಸು ಖಾಲಿಯಾಗಿ ನಿಂತಿತ್ತು. ಟವಲು ಎಸೆದ ಹಾಗೇ ಸೀಟಿನ ಮೇಲಿತ್ತು.

“ನಿಮ್ದೇನ್ರೀ?” ಅಂದ ಕಂಡಕ್ಟರ್. “ಹಳೇ ಟವಲ್ ನೋಡಿ, ಯಾರೋ ಹಿರಿಯರು ಬರ್ತಾರಂತ ಮಂದಿ ಬಾಗಿಲತನಾ ನಿಂತ್ರು, ಇಲ್ಲಿ ಯಾರೂ ಕೂಡ್ಲಿಲ್ರೀ. ಕಲ್ಲೂರಿನಾಗ ಒಬ್ಬಾಂವ ಕೂಡಾಕ ಹೋದ, ಬಾಜೂಕಿನ ಮುದುಕಿ ಬೈದು ಎಬ್ಬಿಸಿದ್ಲು.”

ಅವ್ವ ಆ ಸೀಟಿನ ಮುಂದೆ ಬಂದು ನಿಂತಳು. “ಸೀಟು ಹಿಡಿದ್ರ ಹಿಂಗ ಹಿಡೀಬೇಕು ನೋಡು,” ಅಂದಳು. ಆಮೇಲೆ ಟವಲನ್ನು ಝಾಡಿಸಿ ನನ್ನ ಹೆಗಲಿಗೆ ಹಾಕಿದಳು.

ಈಗ ನನಗೆ ಕೈ ಕುದುರಿದೆ. ಬೋರ್ಡು ಎರಡು ಸಲ ಓದಿ ಎಸೆಯುತ್ತೇನೆ. ಸೀಟು ಸಿಗುತ್ತದೆ, ಕಿಟಕಿ ಬಾಜೂಕೇ ಕೂಡುತ್ತೇನೆ. ಬಸ್ಸು ಹೊರಡುವ ಮೊದಲು ಟವಲನ್ನು ಕಿಟಕಿಯ ಹೊರಗೆ ಚಾಚುವ ರೂಢಿ ಮಾತ್ರ ಇನ್ನೂ ಹೋಗಿಲ್ಲ. ಇಸಕೊಳ್ಳಲು ಕೆಳಗೆ ಅಪ್ಪ ಇಲ್ಲ.