ಪೋಸ್ಟ್‌ಮ್ಯಾನ್ ಡೊಮಿನಿಕ್‌ನ ಎಡಗಡೆ

ಶಂಕರಪುರದ ಪೋಸ್ಟ್‌ಮ್ಯಾನ್ ಡೊಮಿನಿಕ್ ಇಪ್ಪತ್ತೆರಡು ವರ್ಷ ಒಂದೇ ರಸ್ತೆಯಲ್ಲಿ ಸೈಕಲ್ ತುಳಿದವನು. ಬಹರೈನಿನಿಂದ ಯಾರಾದರೂ ಬರೇ 'ಬೇಬಿಯ ಅಮ್ಮನಿಗೆ' ಎಂದು ಬರೆದು ಹಾಕಿದರೂ ಕಾಗದ ಸರಿಯಾದ ಜಗಲಿಗೇ ಮುಟ್ಟುತ್ತಿತ್ತು. 1982ರ ಮಾರ್ಚಿನ ಒಂದು ಬೆಳಿಗ್ಗೆ ಅವನು ಸೈಕಲ್ ಸಮೇತ ರಸ್ತೆ ಬದಿಯ ನೀರಿನ ತೋಡಿಗೆ ಬಿದ್ದ. ಮಿದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಮಣಿಪಾಲದ ಡಾಕ್ಟರು.

ಎರಡು ವಾರದಲ್ಲಿ ಮಾತು ನೆಟ್ಟಗಾಯಿತು, ಎಡಗೈ ಅಷ್ಟಿಷ್ಟು ಆಡತೊಡಗಿತು. ಆದರೆ ಹೆಂಡತಿ ಅಪೊಲೋನಿಯಾ ತಟ್ಟೆಯ ಎಡಕ್ಕೆ ಬಡಿಸಿದ ಮೀನನ್ನು ಅವನು ಮುಟ್ಟಲೇ ಇಲ್ಲ. "ಇವತ್ತು ಮೀನಿಲ್ವಾ?" ಎಂದು ಅವಳನ್ನೇ ಕೇಳಿದ. ಕಣ್ಣು ಹೋಯಿತೆಂದು ಅವಳು ಓಡಿಹೋಗಿ ಡಾಕ್ಟರನ್ನು ಕರೆತಂದಳು.

"ಕಣ್ಣಿಗೆ ಏನೂ ಆಗಿಲ್ಲಮ್ಮ," ಎಂದರು ಪರೀಕ್ಷಿಸಿದ ಡಾಕ್ಟರ್ ಮನೋರಮಾ. ಮತ್ತೆ ಮಂಚದ ಪಕ್ಕ ಕುರ್ಚಿ ಎಳೆದು ಕುಳಿತರು. "ಡೊಮಿನಿಕ್, ಕಣ್ಣು ಮುಚ್ಚಿ. ಪೋಸ್ಟಾಫೀಸಿನಿಂದ ಇಗರ್ಜಿಯ ಕಡೆಗೆ ಹೊರಟಿದ್ದೀರಿ. ದಾರಿಯಲ್ಲಿ ಎಂತೆಂತ ಸಿಗ್ತದೆ ಹೇಳಿ."

"ಅದೆಂತ ದೊಡ್ಡ ವಿಷಯ ಡಾಕ್ಟ್ರೇ? ಮೊದಲು ಫೌಸ್ಟಿನ್‌ನ ಮನೆ. ಮತ್ತೆ ಉಮಾನಾಥರ ಅಕ್ಕಿ ಮಿಲ್ಲು. ತೆರೆಸಾ ಬಾಯಿಯ ಮನೆ. ಆಮೇಲೆ ಇಗರ್ಜಿ."

"ಬೇರೆ ಯಾರೂ ಇಲ್ವಾ?"

"ಇಲ್ಲ. ಇಷ್ಟೇ ಇರುವುದು."

ಅಪೊಲೋನಿಯಾ ಗಂಡನತ್ತ ಬಗ್ಗಿದಳು. ಅವರ ಸ್ವಂತ ಮನೆ ಮಿಲ್ಲಿನ ಎದುರಿಗೇ, ಇಗರ್ಜಿಗೆ ಹೋಗುವಾಗ ರಸ್ತೆಯ ಎಡಕ್ಕೆ ಇತ್ತು. ಮೂರು ಮಕ್ಕಳನ್ನು ಹೆತ್ತ ಮನೆ. ಏನೋ ಹೇಳಹೊರಟವಳನ್ನು ಡಾಕ್ಟರ್ ಕೈಸನ್ನೆಯಲ್ಲಿ ತಡೆದರು.

"ಈಗ ಇಗರ್ಜಿಯಿಂದ ತಿರುಗಿ ಪೋಸ್ಟಾಫೀಸಿಗೆ ಬನ್ನಿ."

"ಸೋಫಿಯಾಳ ಮನೆ. ಹೆರಾಲ್ಡನ ಅಂಗಡಿ. ಮತ್ತೆ ನಮ್ಮದು, ಇವಳು ಜಗಲಿಯಲ್ಲಿ ಮಲ್ಲಿಗೆ ಕಟ್ತಾ ಇರ್ತಾಳೆ. ಆಮೇಲೆ ಪೋಸ್ಟಾಫೀಸು."

ಈಗ ಫೌಸ್ಟಿನ್ ಇಲ್ಲ, ಮಿಲ್ಲಿಲ್ಲ, ತೆರೆಸಾ ಬಾಯಿಯೂ ಇಲ್ಲ! ಅಪೊಲೋನಿಯಾ ಮಂಚದ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಗಂಡನ ಕಣ್ಣು ಮುಚ್ಚಿಯೇ ಇತ್ತು.

ಹೊರಗೆ ವರಾಂಡದಲ್ಲಿ ಡಾಕ್ಟರ್ ಬಿಡಿಸಿ ಹೇಳಿದರು: "ನೆನಪು ಹೋಗಿಲ್ಲ. ಆದರೆ ಮನಸ್ಸಿನೊಳಗಿನ ರಸ್ತೆಯಲ್ಲೂ ಎಡಗಡೆ ಅವರಿಗೆ ಕಾಣುವುದಿಲ್ಲ. ತಿರುಗಿ ಬರುವಾಗ ನಿಮ್ಮ ಮನೆ ಬಲಕ್ಕೆ ಬಂತು, ಅದಕ್ಕೇ ಕಂಡಿತು. ಕಾಣುತ್ತಿಲ್ಲ ಎಂಬುದೂ ಗೊತ್ತಾಗುವುದಿಲ್ಲ."

"ಹಾಗಾದ್ರೆ ಅಷ್ಟು ಹೊತ್ತು ನಾನು ಎಲ್ಲಿದ್ದೆ ಡಾಕ್ಟ್ರೇ?"

"ಅದು ನಮಗೂ ಸರಿಯಾಗಿ ಗೊತ್ತಿಲ್ಲಮ್ಮ."

ಊರಿಗೆ ಹೋಗುವ ಬಸ್ಸಿನಲ್ಲಿ ಅವಳು ಕಣ್ಣು ಮುಚ್ಚಿ ತನ್ನ ರಸ್ತೆಯನ್ನು ನೋಡಿಕೊಂಡಳು. ಎಲ್ಲರೂ ಇದ್ದರು. ಆದರೆ ಡೊಮಿನಿಕ್‌ನಿಗೂ ಎಲ್ಲರೂ ಇದ್ದಾರೆಂದೇ ಅನಿಸಿತ್ತಲ್ಲ! ಅವಳು ಥಟ್ಟನೆ ಕಣ್ಣು ತೆರೆದುಬಿಟ್ಟಳು.

ಅವನು ಮನೆಗೆ ಬಂದ ಮೇಲೆ ದಿನಾ ಬೆಳಿಗ್ಗೆ ಅವನ ಎಡಗೈ ಹಿಡಿದು ನಡೆಸಿದಳು, ಎಡಬದಿಯ ಒಂದೊಂದು ಗೇಟನ್ನೂ ಮುಟ್ಟಿಸಿದಳು. ಕ್ರಿಸ್‌ಮಸ್ ಹೊತ್ತಿಗೆ ಅವನು ಎರಡೂ ಬದಿಯ ಮನೆಗಳನ್ನು ತಪ್ಪದೆ ಹೇಳತೊಡಗಿದ. ಇಲಾಖೆಯವರು ಆಫೀಸಿನೊಳಗೇ ಕಾಗದ ವಿಂಗಡಿಸುವ ಕೆಲಸ ಕೊಟ್ಟರು. ನಿವೃತ್ತಿಯವರೆಗೂ ಅದನ್ನೇ ಮಾಡಿದ.

ಆಸ್ಪತ್ರೆಯ ಆ ದಿನದ ಮಾತನ್ನು ಮಾತ್ರ ಅವನು ಎಂದೂ ನಂಬಲಿಲ್ಲ. "ನಾನು ನಮ್ಮ ಮನೆಯನ್ನೇ ಬಿಟ್ಟೆನಾ? ಸುಳ್ಳು ಹೇಳ್ಬೇಡ ಮಾರಾಯ್ತಿ," ಎಂದು ನಗುತ್ತಿದ್ದ. ಅಪೊಲೋನಿಯಾಳಿಗೆ ನಗು ಬರುತ್ತಿರಲಿಲ್ಲ.