ರಸ್ತೆ ಇಂಜಿನಿಯರರ ಹೆಂಡತಿಯ ಜೀಪು

ಕೊಪ್ಪದ ಪೇಟೆಯಲ್ಲಿ ನಮ್ಮ ಜೀಪು ನಿಂತಿತೆಂದರೆ ಮೊದಲು ಇಳಿಯುವುದು ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲು. ಡ್ರೈವರ್ ಸೀಟಿನಿಂದ ನಾನು ಇಳಿದು, ಸೆರಗು ಸರಿಮಾಡಿಕೊಂಡು, ಬಾನೆಟ್ಟಿನ ಮುಂದಿನಿಂದ ಸುತ್ತು ಹಾಕಿ ಬಂದು ಎಡಗಡೆಯ ಬಾಗಿಲ ಕೆಳಗೆ ಅದನ್ನು ಇಡುತ್ತೇನೆ. ಆಮೇಲೆ ನಮ್ಮ ಮನೆಯವರು ಒಂದೊಂದೇ ಕಾಲು ಇಳಿಸುತ್ತಾರೆ. ಅಷ್ಟರಲ್ಲಿ ಹಿಂದೆ ಎರಡು ಆಟೋ, ಒಂದು ಹಾಲಿನ ವ್ಯಾನು ನಿಂತಿರುತ್ತವೆ. ಯಾರೂ ಹಾರನ್ ಹೊಡೆಯುವುದಿಲ್ಲ. ಐ ಮಸ್ಟ್ ಸೇ, ನಮ್ಮ ಊರಿನವರಿಗೆ ಮ್ಯಾನರ್ಸ್ ಇದೆ.

ತರಕಾರಿ ಅಂಗಡಿಯವಳು ಮಾತ್ರ ಬಿಡುವುದಿಲ್ಲ. "ಎಂತ ಮೇಡಂ, ಇವತ್ತು ಯಾವ ಗುಡ್ಡ ಹತ್ತಕ್ಕೆ ಹೊರಟಿದ್ದು?"

"ಕೊತ್ತಂಬರಿ ಗುಡ್ಡ. ಎರಡು ಕಟ್ಟು ಕೊಡು."

ಬೆಟ್ಟ, ಹಳ್ಳ, ಕೆಸರು ಎಲ್ಲವನ್ನೂ ದಾಟಬಲ್ಲ ಗಾಡಿ ಅದು. ನಾನು ಇಂಗ್ಲಿಷ್ ಮೇಡಂ ಆಗಿ ರಿಟೈರ್ ಆದ ಮೇಲೆ ನನ್ನ ಆಸೆಗೆ ನಾನೇ ಕೊಂಡದ್ದು. ಕಂಪನಿಯವರು ಅದಕ್ಕೆ ಏನೋ ಸ್ಟೈಲಿಶ್ ಹೆಸರು ಇಟ್ಟಿದ್ದಾರೆ. ಇಲ್ಲಿ ಎತ್ತರವಾಗಿರುವುದೆಲ್ಲ ಜೀಪೇ. ಗೇರಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಲಿವರ್ ಇದೆ. ಅದನ್ನು ಹಾಕಿದರೆ ನಾಲ್ಕೂ ಚಕ್ರಗಳು ಒಟ್ಟಿಗೆ ಎಳೆಯುತ್ತವೆ. ಆ ಲಿವರಿನ ತಲೆಗೆ ಶೋರೂಮಿನವರು ಸುತ್ತಿ ಕೊಟ್ಟ ಪ್ಲಾಸ್ಟಿಕ್ ಹಾಗೇ ಇತ್ತು. ವಾರಕ್ಕೊಮ್ಮೆ ನಾನು ಅದರ ಧೂಳು ಒರೆಸುತ್ತಿದ್ದೆ, ಷೋಕೇಸಿನ ಗೊಂಬೆಗೆ ಒರೆಸುವ ಹಾಗೆ.

ಇದರಲ್ಲಿ ಒಂದು ತಮಾಷೆ ಇದೆ. ನಮ್ಮ ಮನೆಯವರು ರಸ್ತೆ ಇಂಜಿನಿಯರ್. ಕೆಲಸಕ್ಕೆ ಸೇರಿದ್ದು ಶೃಂಗೇರಿಯಲ್ಲಿ, ರಿಟೈರ್ ಆದದ್ದು ಕೊಪ್ಪದಲ್ಲಿ, ನಡುವೆ ನರಸಿಂಹರಾಜಪುರ. ಈ ಮೂರು ತಾಲ್ಲೂಕುಗಳ ಯಾವ ತಿರುವಿನಲ್ಲಿ ನೀರು ಯಾವ ಕಡೆ ಹರಿಯಬೇಕು ಎಂಬುದು ಅವರಿಗೆ ಬಾಯಿಪಾಠ. ಅಂಥವರ ಮನೆಯ ಮುಂದೆ ರಸ್ತೆಯೇ ಬೇಡದ ಗಾಡಿ ಬಂದು ನಿಂತರೆ ಹೇಗಾಗಬೇಡ?

"ನಾನು ಇಡೀ ಸರ್ವೀಸು ಡಾಂಬರು ಹಾಕ್ಸಿದ್ದು ಎಂತಕ್ಕೆ ಮಾರಾಯ್ತಿ? ನನ್ನ ಹೆಂಡ್ತಿ ರಸ್ತೆ ಇಲ್ದಿದ್ ಕಡೆ ಹೋಗ್ಲಿ ಅಂತನಾ?"

"ನಾನು ರಸ್ತೆ ಮೇಲೇ ಹೋಗ್ತಿದ್ದೀನಲ್ರೀ."

"ಅದೇ ನಾನು ಹೇಳದು. ರಸ್ತೆ ಮೇಲೆ ಹೋಗಕ್ಕೆ ಇದು ಎಂತಕ್ಕೆ?"

ಲಾಜಿಕ್ಕಿನಲ್ಲಿ ಅವರನ್ನು ಸೋಲಿಸುವುದು ಕಷ್ಟ. ನನ್ನ ಕಾರಣ ಲಾಜಿಕ್ಕಿನದಲ್ಲ, ಎತ್ತರದ್ದು. ಚಿಕ್ಕ ಕಾರಿನಲ್ಲಿ ಕೂತರೆ ಈ ಕಡೆ ಬೇಲಿ, ಆ ಕಡೆ ಗೋಡೆಯಂಥ ಮಣ್ಣಿನ ಧರೆ, ಅಷ್ಟೇ. ಜೀಪಿನಲ್ಲಿ ಬೇಲಿಯ ಆಚೆ ಕಾಣುತ್ತದೆ: ಯಾರ ಅಂಗಳದಲ್ಲಿ ಹಪ್ಪಳ ಒಣಗುತ್ತಿದೆ, ಯಾರು ಮನೆಗೆ ಹೊಸ ಬಣ್ಣ ಹೊಡೆಸಿದ್ದಾರೆ, ಮುಂದಿನ ತಿರುವಿನಲ್ಲಿ ಯಾರು ಬರುತ್ತಿದ್ದಾರೆ.

ಅದಕ್ಕೂ ಹಳೆಯದೊಂದು ಕಾರಣವಿದೆ. ಶೃಂಗೇರಿಯ ನಮ್ಮ ಮನೆಯಿಂದ ಘಟ್ಟದ ಕೆಳಗಿನ ಕಾನ್ವೆಂಟಿಗೆ ಅಪ್ಪ ನನ್ನನ್ನು ಜೀಪಿನಲ್ಲೇ ಬಿಟ್ಟು ಬರುತ್ತಿದ್ದದ್ದು. ಅಪ್ಪ ಮತ್ತು ಡ್ರೈವರ್ ಮುಂದೆ. ಟ್ರಂಕು, ಹಾಸಿಗೆ ಸುರುಳಿ ಮತ್ತು ನಾನು ಹಿಂದೆ. ಹಿಂದಿನ ಬೆಂಚಿನಲ್ಲಿ ಕೂತವರಿಗೆ ಎದುರಿಗೆ ಬರುವ ರಸ್ತೆ ಕಾಣುವುದಿಲ್ಲ, ಬಿಟ್ಟುಹೋಗುವ ರಸ್ತೆ ಕಾಣುತ್ತದೆ. ಸೇತುವೆ, ಮರ, ಕೈಬೀಸುವ ಮಕ್ಕಳು ಎಲ್ಲವೂ ನನಗೆ ಸಿಕ್ಕಿದ್ದು ದೂರವಾಗುತ್ತಾ. ಸಿಸ್ಟರ್‌ಗಳು ಪ್ರಬಂಧಕ್ಕೆ "ಮೈ ಜರ್ನಿ" ಎಂದು ಕೊಟ್ಟರೆ ನಾನು ಎಲ್ಲವನ್ನೂ ಉಲ್ಟಾ ಬರೆಯುತ್ತಿದ್ದೆನೋ ಏನೋ.

ಮದುವೆಯಾದ ಮೇಲೂ ಅದೇ. ಹೊಸತರಲ್ಲಿ ಒಂದು ದಿನ ಇವರು ನನ್ನನ್ನು ಬೇಗಾರಿನ ಕಡೆ ಕರೆದುಕೊಂಡು ಹೋದರು, ಆಫೀಸಿನ ಜೀಪಿನಲ್ಲಿ. ಹಳ್ಳದ ಬದಿಯ ಒಂದು ರಸ್ತೆ ಇವರು ತಮ್ಮ ಕೈಯಾರೆ ಮಾಡಿಸಿದ ಮೊದಲ ಕೆಲಸ. ಅದರಲ್ಲಿ ರಸ್ತೆಯಡಿ ನೀರು ಹಾಯಲು ಒಂದು ಕಲ್ಲಿನ ಮೋರಿ, ಪುಟ್ಟ ಕಮಾನಿನದ್ದು. ಅದನ್ನು ಹೆಂಡತಿಗೆ ತೋರಿಸಬೇಕು. ಮುಂದಿನ ಸೀಟಿನಿಂದ "ನೋಡು ನೋಡು, ಬಂತು!" ಎಂದು ಕೂಗಿದರು. ಹಿಂದೆ ಅಳತೆ ಸರಪಳಿಯ ಜೊತೆ ಕುಕ್ಕರಿಸಿಕೊಂಡಿದ್ದ ನನಗೆ ಕಂಡದ್ದು, ಅದು ಹೋದ ಮೇಲೆ. ಕಮಾನು ಕಾಣಲೇ ಇಲ್ಲ. "ಬ್ಯೂಟಿಫುಲ್" ಎಂದೆ. ಇನ್ನೇನು ಹೇಳಲಿ?

ಕಳೆದ ಯುಗಾದಿಯ ಹೊತ್ತಿಗೆ ಇವರ ಮಂಡಿನೋವು ಜೋರಾಯಿತು. ಸ್ಟೂಲಿನ ಮೇಲೆ ನಿಂತು, ಹಿಡಿಕೆ ಹಿಡಿದು, "ಅಮ್ಮಾ" ಎಂದು ಹತ್ತುವುದನ್ನು ಪೇಟೆಯವರೆಲ್ಲ ನೋಡುತ್ತಾರೆ ಎಂಬುದು ನೋವಿಗಿಂತ ದೊಡ್ಡ ನೋವು. ಅದೇ ಸಮಯಕ್ಕೆ ಬಾಳೆಹೊನ್ನೂರಿನ ಕಡೆಯ ಕಾಫಿ ತೋಟದವರೊಬ್ಬರು ಜೀಪು ಕೊಡುತ್ತೀರಾ ಎಂದು ಕೇಳಿದರು.

"ಅವ್ರಿಗೆ ನಿಜವಾಗ್ಲೂ ಕೆಲಸ ಇದೆ ಅದ್ರಲ್ಲಿ," ಎಂದರು ಇವರು. "ಪಾಪ, ಗಾಡಿನಾದ್ರೂ ಬದುಕಿಕೊಳ್ತದೆ."

ನಾನು ಊಟ ಬಿಡಲಿಲ್ಲ, ಮಾತು ಬಿಡಲಿಲ್ಲ. ಕಾನ್ವೆಂಟಿನಲ್ಲಿ ಡಿಬೇಟ್ ಕಲಿತವಳು. ಕೊನೆಗೆ ಒಂದು ಜಂಟಲ್‌ಮೆನ್ಸ್ ಅಗ್ರಿಮೆಂಟ್ ಆಯಿತು. ರಸ್ತೆ ಇಲ್ಲದ ಕಡೆ, ಬೇರೆ ದಾರಿಯೇ ಇಲ್ಲದೆ, ಆ ಸಣ್ಣ ಲಿವರ್ ಹಾಕಿ ಹೋಗಲೇಬೇಕಾದ ಒಂದು ಪ್ರಸಂಗ ದೀಪಾವಳಿಯೊಳಗೆ ಬಂದರೆ ಜೀಪು ಉಳಿಯುತ್ತದೆ. ಬರದಿದ್ದರೆ ಅದು ಬಾಳೆಹೊನ್ನೂರಿಗೆ, ನಮಗೆ ತಗ್ಗಿನದೊಂದು ಚಿಕ್ಕ ಕಾರು. ಬೇಕೆಂದೇ ಗದ್ದೆಗೆ ಇಳಿಸುವ ಹಾಗಿಲ್ಲ, ಅವಶ್ಯಕತೆ ನಿಜವಾಗಿರಬೇಕು. ಅಂಪೈರ್ ಅವರೇ.

ಮಲೆನಾಡಿನಲ್ಲಿ ಒಂದು ಕೆಟ್ಟ ರಸ್ತೆ ಸಿಗುವುದಿಲ್ಲವೇ ಎಂದು ನಾನು ನಿಶ್ಚಿಂತೆಯಾಗಿದ್ದೆ. ಹುಡುಕಲು ಹೊರಟ ಮೇಲೆ ಗೊತ್ತಾಯಿತು, ಹಾಳಾದ್ದು, ಎಲ್ಲ ಕಡೆ ಕಾಂಕ್ರೀಟು!

ಮೊದಲು ಹೋದದ್ದು ನರಸಿಂಹರಾಜಪುರಕ್ಕೆ. ನನ್ನ ಕಾನ್ವೆಂಟಿನ ಗೆಳತಿ ಅಲ್ಲಿದ್ದಾಳೆ, ಭದ್ರಾ ಹಿನ್ನೀರಿನ ಹತ್ತಿರ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಮೈದಾನವೇ ಬಿದ್ದಿರುತ್ತದೆ. "ಬಾರೇ, ಕೆರೆ ತಳದಲ್ಲಿ ಒಂದು ರೌಂಡ್ ಹೊಡೆಯನ," ಎಂದು ಅವಳು ಪಕ್ಕದಲ್ಲಿ ಹತ್ತಿ ಕೂತಳು. ಇಬ್ಬರು ಅಜ್ಜಿಯರು ಕೇಕೆ ಹಾಕುತ್ತಾ ಒಂದು ಸುತ್ತು ಬಂದೆವು. ದಡದಲ್ಲಿ ಕೊಡೆ ಬಿಡಿಸಿಕೊಂಡು ಸ್ಟೂಲಿನ ಮೇಲೆ ಕೂತಿದ್ದ ಅಂಪೈರು ಕೈಯೆತ್ತಲಿಲ್ಲ.

"ಅಲ್ಲಿಗೆ ಹೋಗೋ ಅವಶ್ಯಕತೆ ಎಂತ ಇತ್ತು?"

ಆ ನೆಲವೋ ಒಣಗಿ ಸಿಮೆಂಟಿನ ಹಾಗೆ ಗಟ್ಟಿ. ನಾವು ನೋಡುತ್ತಿದ್ದ ಹಾಗೆಯೇ ಒಬ್ಬ ಸ್ಕೂಟರಿನಲ್ಲಿ ಹೆಂಡತಿಯನ್ನೂ ಮೀನಿನ ಬುಟ್ಟಿಯನ್ನೂ ಕೂರಿಸಿಕೊಂಡು ಅದೇ ದಾರಿಯಲ್ಲಿ ಹೋದ. "ಹಿ ಹ್ಯಾಸ್ ಎ ಪಾಯಿಂಟ್, ಡಿಯರ್," ಎಂದಳು ನನ್ನ ಗೆಳತಿ. ಇವಳು ಹೈಸ್ಕೂಲಿನಲ್ಲೂ ಹೀಗೆಯೇ, ಕೊನೆಗಳಿಗೆಯಲ್ಲಿ ಪಾರ್ಟಿ ಬದಲಾಯಿಸುವವಳು.

ಮಳೆ ಹಿಡಿದ ಮೇಲೆ ನನ್ನ ನಂಬಿಕೆಯೆಲ್ಲ ಅತ್ತಿಗೆಯ ಮೇಲಿತ್ತು. ಇವರ ಅಕ್ಕ, ಕೊಪ್ಪದ ಹತ್ತಿರದ ನಾರ್ವೆ ಹಳ್ಳಿಯಲ್ಲಿದ್ದಾರೆ. ವರ್ಷಗಟ್ಟಲೆಯಿಂದ ಫೋನಿನಲ್ಲಿ ಒಂದೇ ಮಾತು: "ನಮ್ಮನೆ ರೋಡಲ್ಲಿ ಎಮ್ಮೆನೂ ಜಾರಿ ಬೀಳ್ತದೆ ಮಾರಾಯ್ತಿ, ನೀವು ಬರಕ್ಕೆ ಹೋಗ್ಬೇಡಿ." ಅವರಿಗೆ ಜ್ವರ ಎಂದು ಯಾರೋ ಹೇಳಿದ್ದೇ ನೆಪವಾಗಿ ಹೇಳದೆ ಕೇಳದೆ ಹೊರಟೆವು. ಜ್ವರ ಬಂದ ಅತ್ತಿಗೆಯನ್ನು ನೋಡಲು ಹೋಗುವುದು ಅವಶ್ಯಕತೆ ಅಲ್ಲವೆ? ಟಾರು ರಸ್ತೆ ಮುಗಿಯುವಲ್ಲಿ ನಾನು ಸಣ್ಣ ಲಿವರಿನ ಮೇಲೆ ಕೈ ಇಟ್ಟುಕೊಂಡೇ ತಿರುಗಿಸಿದೆ.

ಬೆಳ್ಳಗೆ, ನುಣ್ಣಗೆ, ಮನೆಯ ಮೆಟ್ಟಿಲವರೆಗೂ ಕಾಂಕ್ರೀಟು.

ಇವರಿಗೆ ಮಂಡಿನೋವೇ ಮರೆತುಹೋಯಿತು. ಕೊಡೆಯ ತುದಿಯಿಂದ ಕುಟ್ಟಿ ನೋಡಿದರು. "ಒಳ್ಳೆ ಕೆಲಸ. ನೀರು ಹೋಗಕ್ಕೆ ಇಳಿಜಾರು ಸರಿ ಕೊಟ್ಟಿದಾರೆ."

ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಜ್ವರವಿರಲಿಲ್ಲ, ಮುಖ ಮಾತ್ರ ಕೆಂಪಾಗಿತ್ತು. "ಅಯ್ಯೋ, ಬಂದೇ ಬಿಟ್ರಾ?"

"ಯಾವಾಗ ಆಯ್ತು ಅತ್ತಿಗೆ ಇದು?"

"ಆಗಿ ಎಷ್ಟು ಕಾಲ ಆಯ್ತು. ಯಾರಿಗೂ ಹೇಳ್ಬೇಡ ನೀನು. ರೋಡ್ ಆಗಿದ್ದು ಗೊತ್ತಾದ್ರೆ ನೆಂಟರು ತಪ್ಪಲ್ಲ ಮಾರಾಯ್ತಿ. ದಿನಾ ಯಾರಿಗೆ ಕಡುಬು ಬೇಯ್ಸದು? ಕೆಟ್ಟ ರೋಡು ಅಂದ್ರೆ ಎಲ್ರೂ ಕೊಪ್ಪದಲ್ಲೇ ನಿಮ್ಮನೇಲೆ ಉಳೀತಾರೆ."

ಹೌದಲ್ಲ! ನಮ್ಮ ಮನೆಗೆ ಅಷ್ಟೊಂದು ನೆಂಟರು ಏಕೆ ಬರುತ್ತಾರೆ ಎಂದು ಅಂದು ತಿಳಿಯಿತು. ಅವತ್ತು ಮಾತ್ರ ಅವರು ಕಡುಬು ಮಾಡಲೇಬೇಕಾಯಿತು. ನಾನು ಎರಡು ಹೆಚ್ಚಿಗೇ ತಿಂದೆ.

ಕಿಗ್ಗದ ವಿಷಯ ಹೇಳದಿರುವುದೇ ಒಳ್ಳೆಯದು. ದೇವಸ್ಥಾನದಿಂದ ಆಚೆ ಜಲಪಾತದ ಕಡೆ ದಾರಿ ಕೆಟ್ಟಿದೆ ಎಂದು ಕೇಳಿ ಹೋದೆವು. ಏರಿನಲ್ಲಿ ನಾನು ಗಂಭೀರವಾಗಿ ಹತ್ತಿಸುತ್ತಿದ್ದಾಗ ಒಂದು ಪುಟಾಣಿ ಕಾರು, ಒಳಗೆ ಆರು ಜನ, ಮೇಲೆ ಲಗೇಜು, ಪೀಂ ಎಂದು ನಮ್ಮನ್ನು ಓವರ್‌ಟೇಕ್ ಮಾಡಿತು. ಇವರು ಕಿಟಕಿಯ ಕಡೆ ಮುಖ ಮಾಡಿಕೊಂಡು ಭುಜ ಕುಣಿಸುತ್ತಿದ್ದರು.

ನವರಾತ್ರಿ ಬಂತು. ಬಾಳೆಹೊನ್ನೂರಿನವರು ಎರಡು ಸಲ ಫೋನ್ ಮಾಡಿದರು. ನಾನು ಚಿಕ್ಕ ಕಾರುಗಳ ಬಣ್ಣ ನೋಡಲು ಶುರುಮಾಡಿದ್ದೆ. ಬೂದು ಬಣ್ಣ ಪರವಾಗಿಲ್ಲ ಅನ್ನಿಸಿತ್ತು; ಕೂತರೆ ಏನೂ ಕಾಣದ ಕಾರಿಗೆ ಬೂದು ಬಣ್ಣವೇ ಸರಿ.

ಆ ವಾರ ಬೇಗಾರಿನಲ್ಲಿ ಪರಿಚಯದವರ ಮನೆಯಲ್ಲಿ ಪೂಜೆಯ ಊಟ. ಪಂಕ್ತಿಯಲ್ಲಿ ಇವರ ಪಕ್ಕದ ಎಲೆಗೆ ಕೂತಿದ್ದ ಹಿರಿಯರೊಬ್ಬರು ಗುರುತು ಹಿಡಿದರು.

"ನೀವು ಹಳ್ಳದ ಬದಿ ರೋಡ್ ಮಾಡ್ಸಿದ ಇಂಜಿನಿಯರ್ ಅಲ್ದಾ? ಈಗ ಮೇಲಿಂದ ಹೊಸ ರೋಡ್ ಬಂತಲ, ಹಳೇದ್ರಲ್ಲಿ ಯಾರೂ ಹೋಗಲ್ಲ. ಎಲ್ಲ ಜೌಗು. ನಿಮ್ಮ ಮೋರಿ ಮಾತ್ರ ಹಾಗೇ ಇದೆ ನೋಡಿ."

"ಇದ್ಯಾ?" ಎಂದರು ಇವರು. ಪಾಯಸ ಬಂತು, ಇವರು ಎಲೆಗೆ ಕೈ ಅಡ್ಡ ಹಿಡಿದರು. ಪಾಯಸ ಬೇಡ ಎಂದದ್ದನ್ನು ನಾನು ಈ ಜನ್ಮದಲ್ಲಿ ನೋಡಿರಲಿಲ್ಲ.

ವಾಪಸು ಬರುವಾಗ ಒಂದು ತಿರುವಿನಲ್ಲಿ "ನಿಲ್ಸು" ಎಂದರು. ಎಡಕ್ಕೆ ಒಂದು ದಾರಿಯ ಗುರುತು, ಮೊಣಕಾಲುದ್ದ ಹುಲ್ಲು, ನಡುವೆ ಕೆಂಪು ಕೆಸರು. ಬೆಳಗ್ಗೆಯೂ ಮಳೆಯಾಗಿತ್ತು.

"ಎಷ್ಟು ದೂರ?" ಎಂದೆ.

"ಅರ್ಧ ಮೈಲಿ ಇರ್ಬಹುದು."

"ನಡ್ಕಂಡು ಹೋಗಕ್ಕೆ ಆಗ್ತದಾ?"

"ಈ ಮಂಡೀಲಾ?"

"ಹಾಗಾದ್ರೆ?"

ಅವರು ರಸ್ತೆ ನೋಡಿದರು, ಸಣ್ಣ ಲಿವರ್ ನೋಡಿದರು. ನಾನು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಸಿಸ್ಟರ್‌ಗಳು ಕಲಿಸಿದ ಹಾಗೆ ನೆಟ್ಟಗೆ ಕೂತೆ. ಆ ಮಾತು ಅವರ ಬಾಯಿಂದಲೇ ಬರಬೇಕು.

"ಹಾಕು ಮಾರಾಯ್ತಿ," ಎಂದರು. ಆ ಪ್ಲಾಸ್ಟಿಕ್ಕನ್ನು ತಾವೇ ಉಗುರಿನಿಂದ ಹರಿದು ತೆಗೆದರು.

ಜೀಪು ಮೂಗು ತಗ್ಗಿಸಿ ಇಳಿಯಿತು. ಹುಲ್ಲು ಹೊಟ್ಟೆಯಡಿ ಸರಸರ ಉಜ್ಜುತ್ತಿತ್ತು, ಕೆಸರು ಗಾಜಿಗೆ ಹಾರಿತು. ಇವರು ಡ್ಯಾಶ್‌ಬೋರ್ಡ್ ಹಿಡಿದುಕೊಂಡು ಕೈಸನ್ನೆ ಮಾಡುತ್ತಿದ್ದರು. "ಬಲಕ್ಕೆ ಬಾ. ಹೆದ್ರಬೇಡ, ಅಲ್ಲಿ ಹೂಳಲ್ಲ. ಕೆಳಗೆ ಜಲ್ಲಿ ಇದೆ, ನಾನೇ ನಿಂತು ಹಾಕ್ಸಿದ್ದು. ಬ್ರೇಕ್ ಹಿಡೀಬೇಡ. ಹಾಂ, ಹಾಗೇ." ಕಣ್ಣಿಗೆ ಕಾಣದ ರಸ್ತೆಯನ್ನು ಅವರು ಓದಿ ಹೇಳುತ್ತಿದ್ದರು, ನಾನು ಚಕ್ರ ಇಡುತ್ತಿದ್ದೆ.

ಹಳ್ಳ ಬಾಗುವಲ್ಲಿ ಅದು ಎದುರಿಗೆ ಬಂತು. ಪಾಚಿ ಹಿಡಿದ ಕಲ್ಲುಗಳು, ನಡುವೆ ಕಮಾನು, ಕಮಾನಿನೊಳಗೆ ಓಡುವ ನೀರು. ಮೊದಲು ಚಿಕ್ಕದಾಗಿ, ಆಮೇಲೆ ದೊಡ್ಡದಾಗುತ್ತಾ, ನನ್ನ ಕಡೆಗೇ ಬಂತು. ಇವರು "ನೋಡು" ಎನ್ನಲಿಲ್ಲ. ನಾನು ನೋಡುತ್ತಿದ್ದದ್ದನ್ನು ನೋಡುತ್ತಿದ್ದರು.

"ಈಗ ಕಾಣ್ತು," ಎಂದೆ.

"ಅವತ್ತು ಕಂಡಿರ್ಲಿಲ್ವಾ? ಬ್ಯೂಟಿಫುಲ್ ಅಂದಿದ್ದೆ?"

"ಹೊಸ ಹೆಂಡ್ತಿ ಮತ್ತೆಂತ ಹೇಳ್ಬೇಕಿತ್ತು?"

ಸ್ಟೂಲು ಇಟ್ಟೆ, ನಾಲ್ಕು ಕಾಲೂ ಕೆಸರಲ್ಲಿ ಇಳಿದವು. ಇವರು ನನ್ನ ಹೆಗಲು ಹಿಡಿದು ಇಳಿದು, ಮೋರಿಯ ಕಟ್ಟೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. "ಬಿರುಕು ಬಿಟ್ಟಿಲ್ಲ," ಎಂದರು. ಮತ್ತೆ ಗಂಟಲು ಸರಿಮಾಡಿಕೊಂಡರು. ಆ ಕೆಮ್ಮು ನನಗೆ ಗೊತ್ತು.

"ಒಂದು ವಿಷಯ. ಲೆಕ್ಕ ಪ್ರಕಾರ ಇದು ರಸ್ತೇನೇ. ಕೆಳಗೆ ಜಲ್ಲಿ ಇರೋದ್ರಿಂದ ತಾನೇ ಟಯರು ಹಿಡ್ಕಂಡಿದ್ದು? ರಸ್ತೆ ಬಿಟ್ಟು ನೀನು ಎಲ್ಲೂ ಹೋಗ್ಲಿಲ್ಲ."

ಅವರು ಹೇಳಿದ್ದು ಸರಿಯೇ. ಹಿನ್ನೀರಿನ ಆ ಒಂದು ಸುತ್ತು ಬಿಟ್ಟರೆ, ನಾನು ಕೊಂಡಂದಿನಿಂದ ಆ ಜೀಪು ಅವರ ರಸ್ತೆಗಳನ್ನು ಬಿಟ್ಟು ಕದಲಿರಲಿಲ್ಲ. "ಅಂಪೈರ್ ನೀವು," ಎಂದೆ. ಮನೆಯವರೆಗೂ ಮುಂದಿನ ಗಾಜಿನ ಕೆಸರನ್ನು ವೈಪರು ಎರಡು ಕಡೆಗೂ ಸಮವಾಗಿ ಹಂಚುತ್ತಿತ್ತು.

ದೀಪಾವಳಿಗೆ ಎರಡು ದಿನವಿದ್ದಾಗ ಬಾಳೆಹೊನ್ನೂರಿನವರ ಫೋನು ಬಂತು. ನಾನು ಅಡುಗೆಮನೆಯಲ್ಲಿ ಕೊತ್ತಂಬರಿ ಹೆಚ್ಚುತ್ತಿದ್ದವಳು ಚಾಕು ನಿಲ್ಲಿಸಿದೆ. ಜಗುಲಿಯಿಂದ ಇವರ ಧ್ವನಿ, ರಿಟೈರ್ ಆದ ಮೇಲೂ ಸೈಟಿನಲ್ಲಿ ಮಾತಾಡಿದ ಹಾಗೆ ಜೋರು:

"ಇಲ್ಲ ಮಾರಾಯ್ರೆ, ಕೊಡಕ್ಕಾಗಲ್ಲ. ಬೇಜಾರ್ ಮಾಡ್ಕಬೇಡಿ. ನಮಗೇ ಬೇಕಾಗ್ತದೆ." ಆ ಕಡೆಯವರು ಏಕೆಂದು ಕೇಳಿರಬೇಕು. "ಎಂತ ಮಾಡದು ಹೇಳಿ. ನಮ್ಮ ಕಡೆ ರೋಡ್ ಸರಿ ಇಲ್ಲ."

ನಾನು ಹಿತ್ತಲಿಗೆ ಹೋಗಿ ಸ್ಟೂಲು ತೊಳೆಯಲು ಕೂತೆ. ಬೇಗಾರಿನ ಕೆಸರು ಅದರ ಕಾಲಿಗೆ ಇನ್ನೂ ಹಾಗೇ ಅಂಟಿಕೊಂಡಿತ್ತು.